ಧರಣಿ ಎಲ್ಲಿ ಕೂರೋದು?

"ಲೇ ಮಂಜ, ನೀನು ಬಿಸಿಲಲ್ಲಿ ಬಿರಿಯಾನಿ ಹೊತ್ಕೊಂಡು ಓಡ್ತೀಯ, ನಾನು ಫ್ಯಾನ್ ಕೆಳಗೆ ಕೂತು ಡಾಲರ್ ಎಣಿಸ್ತೀನಿ" ಅಂದ ಸೀನ.

"ಎಷ್ಟು ಡಾಲರೋ?"

"ಲೋಗೋಗೆ ಐದು."

ನಮ್ಮ ಗಿರಿಜಾ ಲೆಕ್ಕದವಳು, ಸುಮ್ನೆ ಇರ್ತಾಳಾ? "ಐದಲ್ಲ, ನಾಲ್ಕು. ನೀನು ಆನ್ಲೈನಲ್ಲಿ ಕೆಲಸ ಹಿಡಿಯೋ ಈ ಫೈವರ್ ಸೈಟು 2010ರಲ್ಲಿ ಇಸ್ರೇಲಲ್ಲಿ ಶುರುವಾದಾಗ ಏನೇ ಕೆಲಸ ಆದ್ರೂ ಐದು ಡಾಲರ್ ಅಂತಿತ್ತು, ಅದರಲ್ಲಿ ನೂರಕ್ಕೆ 20 ಸೈಟಿಗೆ. ಮಾಡಿಸ್ಕೊಳ್ಳೋರ ಹತ್ರಾನೂ ಬೇರೆ ಫೀಸು. ಅಡಿಕೆ ಮಂಡಿ ದಲ್ಲಾಳಿ ಇದನ್ನ ನೋಡಿದ್ರೆ ಕಾಲಿಗೆ ಬೀಳ್ತಾನೆ. ಅಪ್‌ವರ್ಕ್ ಅನ್ನೋ ಇಂಥದ್ದೇ ಇನ್ನೊಂದು ಸೈಟಲ್ಲಂತೂ ಕೆಲಸ ಕೊಡಿ ಅಂತ ಕೇಳೋಕೇ ಕನೆಕ್ಟ್ಸ್ ಅನ್ನೋ ಟೋಕನ್ ಕೊಳ್ಳಬೇಕು."

"ಹಂಗಾದ್ರೆ ರೇಟ್ ಜಾಸ್ತಿ ಮಾಡೋ" ಅಂದೆ ನಾನು.

"ಮಾಡಿದ್ರೆ ಢಾಕಾದವನು ಐದಕ್ಕೇ ಲೋಗೋ ಮಾಡಿ, ಮೇಲೆ ವಿಸಿಟಿಂಗ್ ಕಾರ್ಡೂ ಫ್ರೀ ಅಂತಾನೆ. ಹೋದ ವಾರ ಒಬ್ಬ ಗಿರಾಕಿ ಎಷ್ಟು ಸಲ ತಿದ್ದಿಸಿದ ಅಂತೀಯ, ಕೊನೆಗೆ ಮೊದಲನೇದೇ ಚೆನ್ನಾಗಿತ್ತು ಅಂದ, ಅದೂ ರಾತ್ರಿ ಎರಡು ಗಂಟೆಗೆ. ಬೈಯೋಕಾಗುತ್ತಾ? ಸ್ಟಾರ್ ಕಮ್ಮಿ ಮಾಡ್ತಾನೆ!"

ಈ ಸ್ಟಾರ್ ಸೈಟಿನ ಹೊರಗೆ ಎಲ್ಲೂ ನಡೆಯಲ್ಲ ಅನ್ನೋದು ಬೇರೆ ಮಾತು. ಬಾಡಿಗೆ ಮನೆ ಕೇಳೋಕೆ ಹೋದಾಗ ಓನರ್ ಸ್ಯಾಲರಿ ಸ್ಲಿಪ್ ಕೇಳಿದರಂತೆ. ಸೀನ ಸೈಟಿನ 4.9 ರೇಟಿಂಗ್ ತೋರಿಸಿದನಂತೆ. ಅವರು "ಇದು ನಿಮ್ಮ ಶುಗರ್ ರಿಪೋರ್ಟಾ?" ಅಂದರಂತೆ.

ಮಂಜನಿಗೆ ಈಗ ಗತ್ತು ಬಂತು. "ನಮ್ಮಂಥ ಡೆಲಿವರಿ ಹುಡುಗರಿಗೆ 2025ರಲ್ಲಿ ಕರ್ನಾಟಕದಲ್ಲಿ ಕಾನೂನೇ ಬಂತು ಕಣೋ. ನಮಗೆ ಕೊಡೋ ದುಡ್ಡಿನ ಮೇಲೆ ಕಂಪನಿಯವರು 1ರಿಂದ 5 ಪರ್ಸೆಂಟ್ ವೆಲ್ಫೇರ್ ಫೀ ಕಟ್ಟಬೇಕು. ತೆಗೆದು ಹಾಕೋದಾದ್ರೆ 14 ದಿನ ಮುಂಚೆ ಕಾರಣ ಬರೆದು ಕೊಡಬೇಕು. ಸುಮ್ನೆ ಬಂತಾ? ಎಷ್ಟು ಸಲ ಬೀದಿಗಿಳಿದು ಕೂಗಿದ್ದೀವಿ!"

"ನೀನು ಕೂಗಿದ್ರೆ ವಿಧಾನಸೌಧಕ್ಕೆ ಕೇಳುತ್ತಪ್ಪ. ನನ್ನ ಗಿರಾಕಿ ಟೆಕ್ಸಾಸಲ್ಲಿ, ಸೈಟು ಇನ್ನೆಲ್ಲೋ, ನಾನು ನಾಗರಬಾವೀಲಿ. ನನ್ನ ಜೊತೆಯವರು ಯಾರು ಅಂತಾನೇ ಗೊತ್ತಿಲ್ಲ, ಗೊತ್ತಿರೋನು ಆ ಢಾಕಾದವನೊಬ್ಬ, ಅವನೂ ಪೈಪೋಟಿ. ಫ್ರೀಡಂ ಪಾರ್ಕಲ್ಲಿ ಒಬ್ಬನೇ ಕೂತ್ರೆ ಟೆಕ್ಸಾಸಿಗೆ ಕಾಣುತ್ತಾ?"

ಇದಕ್ಕೆ ಗಿರಿಜಾ ಹತ್ರಾನೂ ಲೆಕ್ಕ ಇರಲಿಲ್ಲ.

"ಕೂತ್ಕೋ, ನಾವು ಬರ್ತೀವಿ" ಅಂದ ಮಂಜ. "ಬ್ಯಾನರ್ ಮಾತ್ರ ನೀನೇ ಡಿಸೈನ್ ಮಾಡು. ಎಷ್ಟು ಸಲ ತಿದ್ದಿಸಿದ್ರೂ ಫ್ರೀ ತಾನೇ?"