ನನ್ನ ಫೋಟೋ ಬೇರೊಬ್ಬರ ಹೆಸರಿನಲ್ಲಿ ಜಾಹೀರಾತಾಗಿದೆ: ತೆಗೆಸುವ ಹಕ್ಕು ಯಾರದು?

ಪ್ರಶ್ನೆ: ಅರ್ಧಚಿತ್ರ

ಕಳೆದ ವಾರ ಪರಿಚಿತರೊಬ್ಬರು ಒಂದು ಲಿಂಕ್ ಕಳುಹಿಸಿ, ಇದು ನೀವೇ ಅಲ್ಲವೇ ಎಂದು ಕೇಳಿದರು. ತೂಕ ಇಳಿಸುವ ಪುಡಿಯನ್ನು ಮಾರುವ ಒಂದು ಜಾಲತಾಣದ ಪುಟ ಅದು. ಪುಟದ ಕೊನೆಯಲ್ಲಿ ಗ್ರಾಹಕರ ಅನುಭವಗಳೆಂದು ಹಾಕಿರುವ ಸಾಲಿನಲ್ಲಿ ನನ್ನ ಮುಖವಿತ್ತು. ಅದರ ಪಕ್ಕದಲ್ಲಿ ಯಾರದೋ ಹೆಸರು, ಹೆಸರಿನ ಕೆಳಗೆ ಮೂರು ತಿಂಗಳಲ್ಲಿ ಹನ್ನೊಂದು ಕಿಲೋ ಕಳೆದುಕೊಂಡೆನೆಂದು ನಾನು ಎಂದೂ ಆಡದ ಮಾತು. ಐದು ವರ್ಷಗಳ ಹಿಂದೆ ಅಕ್ಕನೊಂದಿಗೆ ನಿಂತು ತೆಗೆಸಿಕೊಂಡಿದ್ದ ಫೋಟೋ ಅದೆಂದು ಗುರುತಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಕ್ಕನನ್ನು ಕತ್ತರಿಸಿ ತೆಗೆದಿದ್ದಾರೆ, ಆದರೆ ಅವಸರದಲ್ಲಿ ನನ್ನ ಎಡಹೆಗಲ ಮೇಲೆ ಅವಳ ಮೂರು ಬೆರಳುಗಳನ್ನೂ ಒಂದು ಉಂಗುರವನ್ನೂ ಹಾಗೆಯೇ ಬಿಟ್ಟಿದ್ದಾರೆ.

ಆ ಫೋಟೋ ತೆಗೆದವರು ಭಾವ, ತಮ್ಮ ಫೋನಿನಲ್ಲಿ. ಅದನ್ನು ಸಾಮಾಜಿಕ ಜಾಲತಾಣದ ನನ್ನ ಖಾತೆಯಲ್ಲಿ ಹಾಕಿದವಳು ನಾನೇ. ಆಗ ಖಾತೆ ಎಲ್ಲರಿಗೂ ತೆರೆದಿತ್ತು. ಪುಡಿ ಮಾರುವವರ ಸಂಪರ್ಕ ವಿಳಾಸಕ್ಕೆ ಎರಡು ಬಾರಿ ಬರೆದೆ. ಮೊದಲ ಪತ್ರಕ್ಕೆ ಉತ್ತರವಿಲ್ಲ; ಎರಡನೆಯದಕ್ಕೆ, ಚಿತ್ರವನ್ನು ಉಚಿತ ಚಿತ್ರಸಂಗ್ರಹವೊಂದರಿಂದ ಪಡೆದಿದ್ದೇವೆ, ನಿಮ್ಮ ಆಕ್ಷೇಪಕ್ಕೆ ಆಧಾರವಿಲ್ಲ ಎಂಬ ಎರಡು ಸಾಲು ಬಂತು.

ಎಲ್ಲರಿಗೂ ಕಾಣುವಂತೆ ನಾನೇ ಹಾಕಿದ ಚಿತ್ರವಾದ್ದರಿಂದ ಅದರ ಮೇಲಿನ ಹಕ್ಕನ್ನು ನಾನು ಬಿಟ್ಟುಕೊಟ್ಟಂತೆ ಆಗುತ್ತದೆಯೇ? ಆಗದಿದ್ದರೆ, ಉತ್ತರವನ್ನೇ ಕೊಡದವರಿಂದ ಅದನ್ನು ತೆಗೆಸುವ ಕ್ರಮಬದ್ಧ ದಾರಿ ಯಾವುದು? ಇದೇ ಚಿತ್ರ ಇನ್ನೆಲ್ಲೆಲ್ಲಿ ಇದೆ ಎಂದು ತಿಳಿಯುವ ಉಪಾಯವಿದೆಯೇ? ಇಂಥದನ್ನು ಸ್ವತಃ ನಿಭಾಯಿಸಿದವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕಡತಪಾಲಕ

ಇನ್ನೊಂದು ಪತ್ರ ಬರೆಯುವ ಮುನ್ನ ಸಾಕ್ಷ್ಯವನ್ನು ಭದ್ರಪಡಿಸಿಕೊಳ್ಳಿ. ಪುಟದ ವಿಳಾಸವೂ ದಿನಾಂಕವೂ ಕಾಣುವ ಸ್ಕ್ರೀನ್‌ಶಾಟ್, ಇಡೀ ಪುಟದ ಪಿಡಿಎಫ್, ಮತ್ತು ಚಿತ್ರಕ್ಕೇ ಸೇರಿದ ಪ್ರತ್ಯೇಕ ವಿಳಾಸ ಇವು ಮೂರೂ ಬೇಕು. ಜಾಲಪುಟಗಳ ಪ್ರತಿಗಳನ್ನು ಎಲ್ಲರಿಗೂ ಕಾಣುವಂತೆ ಕಾದಿಡುವ ವೇಬ್ಯಾಕ್ ಮೆಷೀನ್‌ನಲ್ಲಿ ಪುಟವನ್ನು ದಾಖಲಿಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಸಾಕ್ಷ್ಯವಾಗಿ ಅದು ಗಟ್ಟಿಯೇ, ಆದರೆ ತೆಗೆಸಬೇಕೆಂದು ಹೊರಟ ಚಿತ್ರದ ಇನ್ನೊಂದು ಸಾರ್ವಜನಿಕ ಪ್ರತಿಯನ್ನು ನೀವೇ ಸೃಷ್ಟಿಸಿದಂತಾಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಈಗ ಹಕ್ಕಿನ ಮಾತು. ಖಾತೆ ತೆರೆದಿತ್ತು ಎಂಬ ಕಾರಣಕ್ಕೆ ನೀವು ಏನನ್ನೂ ಬಿಟ್ಟುಕೊಟ್ಟಿಲ್ಲ. ಫೋಟೋ ಹಾಕುವಾಗ ಒಪ್ಪಿಕೊಳ್ಳುವ ಷರತ್ತುಗಳು ಆ ಜಾಲತಾಣಕ್ಕೆ ಚಿತ್ರವನ್ನು ತೋರಿಸುವ, ಸಂಗ್ರಹಿಸುವ ಪರವಾನಗಿಯನ್ನು ಕೊಡುತ್ತವೆಯೇ ಹೊರತು, ಅದನ್ನು ನೋಡಿದ ಪುಡಿ ವ್ಯಾಪಾರಿಗೆ ಏನನ್ನೂ ಕೊಡುವುದಿಲ್ಲ. ಆದರೆ ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವಿದೆ. ನನ್ನ ಫೋಟೋ ಎಂದು ನಾವು ಹೇಳುವಾಗ ಅದರಲ್ಲಿ ಎರಡು ಬೇರೆ ಬೇರೆ ಹಕ್ಕುಗಳು ಬೆರೆತಿರುತ್ತವೆ: ಚಿತ್ರದ ಕಾಪಿರೈಟ್ ಒಂದು, ಮುಖದ ಮೇಲಿನ ಹಕ್ಕು ಇನ್ನೊಂದು. ಕಾಪಿರೈಟ್ ಸಾಮಾನ್ಯವಾಗಿ ಚಿತ್ರ ತೆಗೆದವರದು, ಚಿತ್ರದಲ್ಲಿರುವವರದಲ್ಲ. ಸೆಲ್ಫಿಯಾಗಿದ್ದರೆ ಎರಡೂ ನಿಮ್ಮವೇ ಆಗಿರುತ್ತಿದ್ದವು. ನಿಮ್ಮ ಪ್ರಸಂಗದಲ್ಲಿ ಮುಖ ನಿಮ್ಮದು, ಕಾಪಿರೈಟ್ ನಿಮ್ಮ ಭಾವನದು.

ಇದು ಬರಿಯ ಕೂದಲು ಸೀಳುವ ವಾದವಲ್ಲ. 2019ರಲ್ಲಿ ರೂಪದರ್ಶಿ ಜೀಜೀ ಹದೀದ್ ಅವರ ಮೇಲೆ ಒಂದು ಚಿತ್ರಸಂಸ್ಥೆ ಮೊಕದ್ದಮೆ ಹೂಡಿತು; ಅವರು ಮಾಡಿದ ತಪ್ಪೆಂದರೆ ಬೀದಿಯಲ್ಲಿ ಬೇರೆಯವರು ತೆಗೆದಿದ್ದ ತಮ್ಮದೇ ಫೋಟೋವನ್ನು ತಮ್ಮ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಹಾಕಿಕೊಂಡದ್ದು. ಕಾಪಿರೈಟ್ ನೋಂದಣಿ ಇನ್ನೂ ಆಗಿರಲಿಲ್ಲವೆಂಬ ಕಾರಣಕ್ಕೆ ಮೊಕದ್ದಮೆ ವಜಾ ಆಯಿತು, ಮುಖ ಅವರದೆಂಬ ಕಾರಣಕ್ಕಲ್ಲ.

ಬೇಗ ಫಲ ಕೊಡುವ ದಾರಿ ಕಾಪಿರೈಟ್‌ನದೇ. ಇಂಟರ್‌ನೆಟ್‌ನಲ್ಲಿನ ಕಾಪಿರೈಟ್ ಕುರಿತ ಅಮೆರಿಕದ 1998ರ ಡಿಎಂಸಿಎ ಕಾಯ್ದೆಯ ಪ್ರಕಾರ, ಚಿತ್ರವನ್ನು ತೆಗೆಯಿರೆಂಬ ಹಕ್ಕುದಾರರ ಸೂಚನೆ ಬಂದ ಮೇಲೆ ಹೋಸ್ಟಿಂಗ್ ಕಂಪನಿಯು, ಅಂದರೆ ತಾಣದ ಕಡತಗಳನ್ನು ತನ್ನಲ್ಲಿ ಇಟ್ಟುಕೊಂಡಿರುವ ಕಂಪನಿಯು, ಚಿತ್ರವನ್ನು ತ್ವರಿತವಾಗಿ ತೆಗೆಯದಿದ್ದರೆ ತನಗಿರುವ ಕಾನೂನಿನ ರಕ್ಷಣೆಯನ್ನು ಕಳೆದುಕೊಳ್ಳುವ ಅಪಾಯವಿದೆ. ದೊಡ್ಡ ಹೋಸ್ಟಿಂಗ್ ಕಂಪನಿಗಳು ಹಲವು ಅಲ್ಲಿಯವೇ ಆದ್ದರಿಂದ ಇದರ ಕೈ ದೂರದವರೆಗೆ ಚಾಚುತ್ತದೆ. ಸೂಚನೆಯಲ್ಲಿ ಮೂಲ ಕೃತಿ ಯಾವುದು, ನಕಲು ಯಾವ ವಿಳಾಸದಲ್ಲಿದೆ, ಬಳಕೆಗೆ ಅನುಮತಿಯಿಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆಂಬ ಮಾತು, ಹಕ್ಕುದಾರರ ಪರವಾಗಿ ಬರೆಯುವ ಅಧಿಕಾರವಿದೆಯೆಂಬ ಪ್ರಮಾಣ, ಸಂಪರ್ಕ ವಿವರ ಮತ್ತು ಸಹಿ ಇರಬೇಕು. ಪ್ರಮಾಣ ಮಾಡಿ ಹೇಳುವ ಮಾತಾದ್ದರಿಂದ ನೀವು ಹಕ್ಕುದಾರಳೆಂದು ಬರೆಯಬೇಡಿ. ಭಾವ ಬರೆಯಲಿ, ಅಥವಾ ಅವರು ನಿಮಗೆ ಅಧಿಕಾರಪತ್ರ ಕೊಡಲಿ. ಅವರ ಫೋನಿನಲ್ಲಿ ಮೂಲ ಕಡತ ಇನ್ನೂ ಇದ್ದರೆ, ಅಕ್ಕನ ಪೂರ್ತಿ ಕೈ ಕಾಣುವ ಆ ಚಿತ್ರದ ಮುಂದೆ ಮೂರು ಬೆರಳಿನ ಈ ತುಂಡನ್ನು ಇಟ್ಟರೆ ಸಾಕು, ಯಾವುದು ಮೂಲ ಎಂದು ಯಾರಿಗೂ ವಿವರಿಸಬೇಕಾಗಿಲ್ಲ.

ಎರಡು ಎಚ್ಚರಿಕೆಗಳು. ಸೂಚನೆಯಲ್ಲಿ ಬರೆದ ಹೆಸರು, ಸಂಪರ್ಕ ವಿವರಗಳು ಎದುರು ಪಕ್ಷದವರ ಕೈಗೆ ಹೋಗಬಹುದು, ಆದ್ದರಿಂದ ಮನೆಯ ವಿಳಾಸವನ್ನೂ ದಿನನಿತ್ಯದ ಇಮೇಲನ್ನೂ ಕೊಡುವ ಮೊದಲು ಯೋಚಿಸಿ. ಚಿತ್ರವನ್ನು ತೆಗೆದದ್ದು ತಪ್ಪೆಂದು ಅವರು ಪ್ರತಿಸೂಚನೆ ಸಲ್ಲಿಸಿದರೆ, ನೀವು ನ್ಯಾಯಾಲಯಕ್ಕೆ ಹೋಗದ ಹೊರತು 10ರಿಂದ 14 ಕೆಲಸದ ದಿನಗಳೊಳಗೆ ಚಿತ್ರ ಮತ್ತೆ ಮೇಲೇರುತ್ತದೆ. ಆದರೆ ಪ್ರತಿಸೂಚನೆಗೂ ಪ್ರಮಾಣ, ಹೆಸರು, ವಿಳಾಸ ಬೇಕು. ಇಂಥ ಪುಡಿ ಮಾರುವವರು ಆ ಗೋಜಿಗೆ ಹೋಗುವುದನ್ನು ನಾನು ಇನ್ನೂ ಕಂಡಿಲ್ಲ.

ಹೋಸ್ಟಿಂಗ್ ಕಂಪನಿ ಯಾವುದೆಂದು ತಿಳಿಯಲು ತಾಣದ ವಿಳಾಸದ, ಅಂದರೆ ಡೊಮೇನ್ ಹೆಸರಿನ, ನೋಂದಣಿ ಮಾಹಿತಿಯನ್ನು ಅಂಥ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆಯಾದ ಐಕ್ಯಾನ್‌ನ ಹುಡುಕಾಟ ಪುಟದಲ್ಲಿ ನೋಡಿ. ಅಲ್ಲಿ ಸಿಗುವುದು ಹೆಸರನ್ನು ನೋಂದಾಯಿಸಿದ ಕಂಪನಿ; ಕಡತಗಳನ್ನು ಇಟ್ಟುಕೊಂಡಿರುವ ಕಂಪನಿ ಬೇರೆಯೇ ಇರಬಹುದು. ಹುಡುಕಿದಾಗ ಕ್ಲೌಡ್‌ಫ್ಲೇರ್‌ನ ವಿಳಾಸ ಸಿಕ್ಕರೆ, ಅದು ಬಹುಮಟ್ಟಿಗೆ ತಾಣಕ್ಕೂ ನೋಡುವವರಿಗೂ ನಡುವೆ ನಿಲ್ಲುವ ಸೇವೆ, ನಿಜವಾದ ಹೋಸ್ಟಿಂಗ್ ಕಂಪನಿಯನ್ನು ಮರೆಮಾಡುವ ಪರದೆ. ಅವರ ದೂರಿನ ಪುಟದಲ್ಲಿ ಬರೆದರೆ ದೂರನ್ನು ಪರದೆಯ ಹಿಂದಿನ ಕಂಪನಿಗೆ ತಲುಪಿಸುತ್ತಾರೆ.

ಉತ್ತರ 2: ಹಳೆಯ ಕಾಗದ

ಮೇಲಿನವರು ಹೇಳಿದ ಎರಡು ಹಕ್ಕುಗಳ ಬಗ್ಗೆ ಇನ್ನಷ್ಟು ಹೇಳಬೇಕೆನಿಸುತ್ತದೆ, ಏಕೆಂದರೆ ನಿಮಗೆ ಬಂದ ಉಚಿತ ಸಂಗ್ರಹದ ಉತ್ತರ ಮುಖದ ಹಕ್ಕನ್ನು ಮರೆಮಾಚುವ ಹಳೆಯ ಜಾಣತನ.

2007ರಲ್ಲಿ ವರ್ಜಿನ್ ಮೊಬೈಲ್ ಎಂಬ ಫೋನ್ ಕಂಪನಿ ಆಸ್ಟ್ರೇಲಿಯಾದಲ್ಲಿ ಒಂದು ಜಾಹೀರಾತು ಹಾಕಿತು. ಅದರಲ್ಲಿದ್ದದ್ದು ಅಮೆರಿಕದ ಒಬ್ಬ ಹದಿಹರೆಯದ ಹುಡುಗಿ. ಚಿತ್ರ ತೆಗೆದವರು ಅವಳ ಪರಿಚಿತರೇ. ಅವರು ಅದನ್ನು ಫೋಟೋ ಹಂಚಿಕೊಳ್ಳುವ ತಾಣವಾದ ಫ್ಲಿಕರ್‌ನಲ್ಲಿ, ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದೆಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಹಾಕಿದ್ದರು. ಕಾಪಿರೈಟ್ ದೃಷ್ಟಿಯಿಂದ ಕಂಪನಿಗೆ ಹೇಳಿಕೊಳ್ಳಲು ಒಂದು ಆಧಾರವಿತ್ತು, ಆದರೆ ಆ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಮನೆಯವರು ಟೆಕ್ಸಸ್‌ನಲ್ಲಿ ಹೂಡಿದ ಮೊಕದ್ದಮೆ, ಆಸ್ಟ್ರೇಲಿಯಾದ ಕಂಪನಿಯ ಮೇಲೆ ಅಲ್ಲಿನ ನ್ಯಾಯಾಲಯಕ್ಕೆ ಅಧಿಕಾರವಿಲ್ಲವೆಂಬ ಕಾರಣಕ್ಕೆ ಬಿದ್ದುಹೋಯಿತು. ಹಾಗಾಗಿ ಮುಖದ ಪ್ರಶ್ನೆ ಅಲ್ಲಿ ತೀರ್ಮಾನವಾಗಲೇ ಇಲ್ಲ. ಜವಾಬ್ದಾರಿಯುತ ಚಿತ್ರಸಂಗ್ರಹಗಳು ಜಾಹೀರಾತಿಗೆ ಬಳಸುವ ಚಿತ್ರಗಳಿಗೆ ಅದರಲ್ಲಿರುವವರ ಲಿಖಿತ ಒಪ್ಪಿಗೆಯನ್ನು ಕೇಳುತ್ತವೆ. ಮಾಡೆಲ್ ರಿಲೀಸ್ ಎನ್ನುವುದು ಅದನ್ನೇ. ನಿಮ್ಮ ಮೂರನೆಯ ಪತ್ರದಲ್ಲಿ ಎರಡೇ ಪ್ರಶ್ನೆಗಳಿರಲಿ: ಸಂಗ್ರಹದ ಯಾವ ಪುಟದಿಂದ ಚಿತ್ರ ಪಡೆದಿರಿ, ನನ್ನ ಸಹಿ ಇರುವ ಒಪ್ಪಿಗೆ ಎಲ್ಲಿದೆ.

ಈ ಕಥೆ ಇಂಟರ್‌ನೆಟ್‌ಗಿಂತ ಬಹಳ ಹಳೆಯದು. ಅಬಿಗೇಲ್ ರಾಬರ್ಸನ್ ಎಂಬ ಯುವತಿಯ ಚಿತ್ರವನ್ನು ಅಮೆರಿಕದ ಒಂದು ಹಿಟ್ಟಿನ ಕಂಪನಿಯ ಜಾಹೀರಾತಿಗಾಗಿ ಸುಮಾರು 25,000 ಪ್ರತಿ ಅಚ್ಚು ಹಾಕಿಸಿ ಅಂಗಡಿಗಳಲ್ಲಿ ಅಂಟಿಸಿದ್ದರು. 1902ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯವು ಖಾಸಗಿತನದ ಅಂಥ ಹಕ್ಕೊಂದು ಕಾನೂನಿನಲ್ಲಿ ಇಲ್ಲವೆಂದು, ನಾಲ್ಕಕ್ಕೆ ಮೂರರ ಬಹುಮತದಿಂದ, ಅವಳ ವಿರುದ್ಧ ತೀರ್ಪು ಕೊಟ್ಟಿತು. ಜನ ಕೆರಳಿದರು, ಮರುವರ್ಷವೇ ವ್ಯಾಪಾರಕ್ಕಾಗಿ ಒಬ್ಬರ ಹೆಸರನ್ನೋ ಚಿತ್ರವನ್ನೋ ಲಿಖಿತ ಒಪ್ಪಿಗೆಯಿಲ್ಲದೆ ಬಳಸುವುದನ್ನು ನಿಷೇಧಿಸುವ ಕಾಯ್ದೆ ಆ ರಾಜ್ಯದಲ್ಲಿ ಬಂತು. ಹಿಟ್ಟು ಹೋಗಿ ಪುಡಿ ಬಂದಿದೆ, ಅಷ್ಟೇ ವ್ಯತ್ಯಾಸ.

ಪುಡಿಯ ಕಂಪನಿ ಯುರೋಪಿನ ಒಕ್ಕೂಟದಲ್ಲಿ ನೆಲೆಸಿದ್ದರೆ ಇನ್ನೊಂದು ದಾರಿಯೂ ತೆರೆಯುತ್ತದೆ. 2018ರ ಮೇ 25ರಿಂದ ಜಾರಿಯಲ್ಲಿರುವ, ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಒಕ್ಕೂಟ ಮಾಡಿದ ಜಿಡಿಪಿಆರ್ ಎಂಬ ಕಾನೂನಿನ ಪ್ರಕಾರ ಗುರುತಿಸಬಹುದಾದ ಮುಖದ ಚಿತ್ರವೂ ವೈಯಕ್ತಿಕ ಮಾಹಿತಿಯೇ, ಮತ್ತು ಅದರ 17ನೆಯ ವಿಧಿಯಡಿ ಅಳಿಸುವಂತೆ ನೀವೇ ಕೇಳಬಹುದು. ಅಲ್ಲಿ ಭಾವನ ಸಹಿ ಬೇಕಾಗುವುದಿಲ್ಲ.

ಉತ್ತರ 3: ಮುಚ್ಚಿದ ಕಿಟಕಿ

ಇಷ್ಟೆಲ್ಲ ಕಾನೂನು ತಿಳಿದು ಪ್ರಯೋಜನವೇನು? ಫೋಟೋ ಹಾಕದಿದ್ದರೆ ಕದಿಯಲು ಏನೂ ಇರುವುದಿಲ್ಲ. ನಾನು ಹತ್ತು ವರ್ಷಗಳಿಂದ ಒಂದೂ ಹಾಕಿಲ್ಲ, ನನಗೆ ಇಂಥ ತೊಂದರೆ ಒಮ್ಮೆಯೂ ಬಂದಿಲ್ಲ.

ಉತ್ತರ 4: ಕಡತಪಾಲಕ

ನೀವು ಹಾಕಿಲ್ಲದಿರಬಹುದು, ಆದರೆ ನಿಮ್ಮ ಜೊತೆ ನಿಂತವರು ಹಾಕಿರುತ್ತಾರೆ. ಸಮಾರಂಭದ ಗುಂಪುಚಿತ್ರ, ಕಚೇರಿಯ ತಾಣದ ಸಿಬ್ಬಂದಿ ಪುಟ, ಗೆಳೆಯರ ಪ್ರವಾಸದ ಚಿತ್ರ, ಇವುಗಳಲ್ಲಿ ಯಾವುದಕ್ಕೂ ಯಾರೂ ನಿಮ್ಮ ಅಪ್ಪಣೆ ಕೇಳಿರುವುದಿಲ್ಲ. ಕ್ಲಿಯರ್‌ವ್ಯೂ ಎಐ ಎಂಬ ಕಂಪನಿ ಜಾಲತಾಣಗಳಿಂದ 300 ಕೋಟಿಗೂ ಹೆಚ್ಚು ಚಿತ್ರಗಳನ್ನು ಬಾಚಿಕೊಂಡು, ಮುಖದಿಂದ ಮನುಷ್ಯರನ್ನು ಹುಡುಕುವ ಸಾಧನವನ್ನು ಪೊಲೀಸರಿಗೆ ಮಾರುತ್ತಿದ್ದುದು 2020ರ ಜನವರಿಯಲ್ಲಿ ಬಯಲಾಯಿತು. ತೊಂದರೆ ಬಂದಿಲ್ಲ ಎಂಬುದಕ್ಕೂ ಬಂದದ್ದು ತಿಳಿದಿಲ್ಲ ಎಂಬುದಕ್ಕೂ ಅಂತರವಿದೆ. ಕೇಳಿದವರಿಗೂ ಪರಿಚಿತರು ಹೇಳುವವರೆಗೆ ತಿಳಿದಿರಲಿಲ್ಲ.

ಹುಡುಕಾಟದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಹೇಳುತ್ತೇನೆ. ಟಿನ್‌ಐನಂಥ ಸಾಧನ ಇಡೀ ಚಿತ್ರದಿಂದ ಲೆಕ್ಕ ಹಾಕಿದ ಒಂದು ಗುರುತನ್ನು, ಚಿತ್ರದ ಬೆರಳಚ್ಚು ಎನ್ನಬಹುದಾದದ್ದನ್ನು, ಹೋಲಿಸುತ್ತದೆ, ಮುಖವನ್ನಲ್ಲ. ಅಳತೆ ಬದಲಾದರೂ, ಸ್ವಲ್ಪ ಕತ್ತರಿಸಿದ್ದರೂ ಅದೇ ಚಿತ್ರವನ್ನು ಹಿಡಿಯಬಲ್ಲದು. ಗೂಗಲ್ ಲೆನ್ಸ್ ಅದೇ ಚಿತ್ರದ ಜೊತೆಗೆ ಹೋಲುವ ಚಿತ್ರಗಳನ್ನೂ ರಾಶಿ ಹಾಕುತ್ತದೆ, ಅದರಲ್ಲಿ ಆರಿಸಿಕೊಳ್ಳುವ ತಾಳ್ಮೆ ಬೇಕು. ಮೂಲವನ್ನೂ ಕತ್ತರಿಸಿದ ತುಂಡನ್ನೂ ಪ್ರತ್ಯೇಕವಾಗಿ ಹಾಕಿ ಹುಡುಕಿ, ಏಕೆಂದರೆ ಕದ್ದವರಿಂದ ಕದ್ದವರ ಬಳಿ ಇರುವುದು ತುಂಡು. ಪಿಮ್‌ಐಸ್‌ನಂಥವು ಮುಖವನ್ನೇ ಹುಡುಕುತ್ತವೆ. ಅವುಗಳನ್ನು ಬಳಸಬೇಕೆಂದರೆ ಮತ್ತೊಂದು ಕಂಪನಿಗೆ ನಿಮ್ಮ ಮುಖವನ್ನು ನೀವೇ ಒಪ್ಪಿಸಬೇಕು, ನಾನಂತೂ ಆ ಕಡೆ ಹೋಗಿಲ್ಲ.

ಇನ್ನೊಂದು ಮಾತು. ಭಾವನ ಫೋನಿನ ಮೂಲ ಕಡತವನ್ನು ಸಾಕ್ಷ್ಯವಾಗಿ ಕಳುಹಿಸುವ ಮೊದಲು ಅದರೊಳಗಿನ ಎಕ್ಸಿಫ್ ಮಾಹಿತಿಯನ್ನು ನೋಡಿ. ಚಿತ್ರ ತೆಗೆದ ದಿನ, ಗಂಟೆ, ಫೋನಿನ ಮಾದರಿ ಅಲ್ಲಿರುತ್ತವೆ. ಸ್ಥಳದ ಆಯ್ಕೆ ಚಾಲನೆಯಲ್ಲಿದ್ದರೆ ಅಕ್ಷಾಂಶ ರೇಖಾಂಶಗಳೂ ಇರುತ್ತವೆ. 2012ರ ಡಿಸೆಂಬರಿನಲ್ಲಿ ತಲೆಮರೆಸಿಕೊಂಡಿದ್ದ, ಮ್ಯಾಕಫಿ ಆ್ಯಂಟಿವೈರಸ್ ಕಂಪನಿಯ ಸ್ಥಾಪಕ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿರುವುದು ಗೊತ್ತಾದದ್ದು ಒಂದು ಪತ್ರಿಕೆ ಪ್ರಕಟಿಸಿದ ಫೋಟೋದೊಳಗೆ ಉಳಿದಿದ್ದ ಇಂಥ ಸ್ಥಳದ ಗುರುತಿನಿಂದ. ದಿನಾಂಕ ನಿಮಗೆ ಸಾಕ್ಷ್ಯ, ಸ್ಥಳ ಅವರಿಗೆ ಸುಳಿವು. ಸ್ಥಳವನ್ನಷ್ಟೇ ಅಳಿಸಿದ ಪ್ರತಿಯನ್ನು ಕಳುಹಿಸಿ, ಮೂಲವನ್ನು ಮುಟ್ಟದೆ ಇಟ್ಟುಕೊಳ್ಳಿ.

ಕೇಳಿದವರಿಂದ: ಅರ್ಧಚಿತ್ರ

ಎಲ್ಲರಿಗೂ ಕೃತಜ್ಞತೆಗಳು. ಮೂರನೆಯ ಪತ್ರಕ್ಕೆ ಉತ್ತರ ಬರಲಿಲ್ಲ. ಭಾವ ತಮ್ಮ ಹೆಸರಿನಲ್ಲಿ ಹೋಸ್ಟಿಂಗ್ ಕಂಪನಿಗೆ ಸೂಚನೆ ಕಳುಹಿಸಿದರು, ಅಕ್ಕನಿರುವ ಇಡೀ ಚಿತ್ರವನ್ನು ಜೊತೆಗಿಟ್ಟು. ಆ ಹೊತ್ತಿನಲ್ಲಿ ಅಕ್ಕ, ನನ್ನ ಬೆರಳಿಗೂ ಕಾಪಿರೈಟ್ ಇದೆಯೇ ಎಂದು ಕೇಳಿ ನಮ್ಮನ್ನು ನಗಿಸಿದಳು. ಐದನೆಯ ದಿನ ಚಿತ್ರ ಮಾಯವಾಯಿತು. ಗೂಗಲ್ ಹುಡುಕಾಟದಲ್ಲಿ ಚಿಕ್ಕ ಪ್ರತಿ ಇನ್ನೂ ಕಾಣುತ್ತಿತ್ತು. ಹಳತಾದ ಫಲಿತಾಂಶವನ್ನು ತೆಗೆಯಿರೆಂದು ಕೇಳುವ ಅವರ ಪುಟದಲ್ಲಿ ಅರ್ಜಿ ಹಾಕಿದ ಮೇಲೆ ಅದೂ ಹೋಯಿತು. ತುಂಡನ್ನು ಹಾಕಿ ಹುಡುಕಿದಾಗ ಇನ್ನೊಂದು ತಾಣ ಸಿಕ್ಕಿದೆ, ಅಲ್ಲಿ ನಾನು ಮಂಡಿನೋವಿನ ಎಣ್ಣೆಯನ್ನು ಹೊಗಳುತ್ತಿದ್ದೇನೆ. ಅದಕ್ಕೂ ಸೂಚನೆ ಹೋಗಿದೆ.

ನಿನ್ನೆ ಪುಡಿಯ ಪುಟವನ್ನು ಮತ್ತೆ ತೆರೆದು ನೋಡಿದೆ. ಅದೇ ಹೆಸರು, ಅದೇ ಹನ್ನೊಂದು ಕಿಲೋ, ಅದೇ ವಾಕ್ಯಗಳು ಹಾಗೆಯೇ ಇವೆ. ನನ್ನ ಚಿತ್ರವಿದ್ದ ಜಾಗದಲ್ಲಿ ಈಗ ಕನ್ನಡಕ ಹಾಕಿದ ಇನ್ನೊಬ್ಬ ಹೆಂಗಸಿನ ಮುಖವಿದೆ. ಆ ಚಿತ್ರವನ್ನು ಹಾಕಿ ಹುಡುಕಿದರೆ ಒಬ್ಬರ ಖಾತೆ ಸಿಗುತ್ತದೆ, ಅದೇ ಕನ್ನಡಕ, ಹಿಂದೆ ಅದೇ ಕಿಟಕಿ. ಅವರಿಗೆ ಲಿಂಕ್ ಕಳುಹಿಸಿ, ಇದು ನೀವೇ ಅಲ್ಲವೇ ಎಂದು ಕೇಳುವ ಪತ್ರವನ್ನು ಬರೆದಿಟ್ಟಿದ್ದೇನೆ. ಅದರೊಂದಿಗೆ ಇಲ್ಲಿನ ಉತ್ತರಗಳನ್ನೂ ಕಳುಹಿಸಲು ನಿಮ್ಮ ಅಭ್ಯಂತರವಿಲ್ಲವೆಂದು ಭಾವಿಸುತ್ತೇನೆ.