ಜಂಜಿಬಾರ್‌ನ ಸ್ಟೋನ್ ಟೌನ್‌ಗೆ ಒಂದೂವರೆ ದಿನ ಸಾಕಾ?

ಪ್ರಶ್ನೆ (ಕುವೆಂಪುನಗರ, ಮೈಸೂರು): ದಾರ್ ಎಸ್ ಸಲಾಮ್‌ನಿಂದ ಫೆರಿಯಲ್ಲಿ ಹೋಗುತ್ತೇವೆ. ನಾವು ಸಸ್ಯಾಹಾರಿಗಳು. ಹೊರಡುವ ಮುಂಚೆ ಏನು ಮಾಡಿಕೊಳ್ಳಬೇಕು, ಅಲ್ಲಿ ಯಾವುದನ್ನು ತಪ್ಪಿಸಬಾರದು?

ಉತ್ತರ 1: ಮೊದಲು ಹಳದಿ ಜ್ವರದ ಲಸಿಕೆ. ಹಾಕಿಸಿ 10 ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತ. ಹಳದಿ ಜ್ವರದ ಅಪಾಯವಿರುವ ದೇಶದಿಂದ ಅದಿಲ್ಲದೆ ವಾಪಸ್ ಬಂದರೆ ಭಾರತದಲ್ಲಿ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು; ತಾಂಜಾನಿಯಾ ಆ ಪಟ್ಟಿಯಲ್ಲಿದೆಯೇ ಎಂದು ಹೊರಡುವ ಮುಂಚೆ ನೋಡಿಕೊಳ್ಳಿ. ಜಂಜಿಬಾರ್‌ಗೆ 2024ರ ಅಕ್ಟೋಬರ್‌ನಿಂದ ಅಲ್ಲಿನದೇ ವಿಮೆ ಕಡ್ಡಾಯ, ವಯಸ್ಕರಿಗೆ 44 ಡಾಲರ್. ಬೇರೆ ಪಾಲಿಸಿ ಇದ್ದರೂ ಇದು ಬೇಕೇ ಬೇಕು. ಫೆರಿ ಹತ್ತುವಾಗಲೂ ಪಾಸ್‌ಪೋರ್ಟ್ ಕೈಲಿರಲಿ.

ಉತ್ತರ 2: ಹಳೆಯ ಮನೆಗಳ ಕೆತ್ತನೆಯ ಮರದ ಬಾಗಿಲುಗಳಿಗೇ ಅರ್ಧ ದಿನ ಇಡಿ. ಮೇಲ್ಭಾಗ ಚೌಕವಾಗಿದ್ದರೆ ಸಾಮಾನ್ಯವಾಗಿ ಅರಬ್ ಶೈಲಿ, ಕಮಾನಾಗಿದ್ದರೆ ಭಾರತೀಯ ಶೈಲಿ. ಹತ್ತಿರ ನಿಂತು ಚೌಕಟ್ಟು ನೋಡಿ: ಅಂಚಿನುದ್ದಕ್ಕೂ ಸರಪಳಿ, ನಡುವೆ ತಾವರೆ, ಹಲಗೆಯ ಮೇಲೆ ಸಾಲುಸಾಲು ಹಿತ್ತಾಳೆ ಗುಬುಟು. ನಮ್ಮ ಬೀಟೆ ಕೆತ್ತನೆ ನೋಡಿ ಪಳಗಿದ ಕಣ್ಣಿಗೆ ಹಬ್ಬ. ಸುಲ್ತಾನರ 1883ರ ಅರಮನೆ 'ಹೌಸ್ ಆಫ್ ವಂಡರ್ಸ್' 2020ರ ಡಿಸೆಂಬರ್‌ನಲ್ಲಿ ಭಾಗಶಃ ಕುಸಿದಿದೆ, ಅದನ್ನೇ ನೆಚ್ಚಿಕೊಂಡು ಹೋಗಬೇಡಿ. 1873ರಲ್ಲಿ ಮುಚ್ಚಿದ ಗುಲಾಮರ ಮಾರುಕಟ್ಟೆಯ ಜಾಗದಲ್ಲಿರುವ ಕೆಥೆಡ್ರಲ್ ಮಾತ್ರ ಬಿಡಲೇಬಾರದು. ಅಲ್ಲಿ ಅವಸರ ಮಾಡಬೇಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ.

ಉತ್ತರ 3 (ಮಂಡ್ಯ): ಸಂಜೆ ಫೊರೊಧಾನಿ ತೋಟದಲ್ಲಿ ತಿಂಡಿ. ಉರೋಜೊ ಹುಳಿಸಾರಿನಂತೆ ಕಂಡರೂ ಮಾಂಸ, ಮೊಟ್ಟೆ ಸೇರಿಸುತ್ತಾರೆ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ 'ಬಿಲಾ ನ್ಯಾಮ, ಬಿಲಾ ಯಾಯಿ' ಎನ್ನಿ. ಮಾಂಸ, ಮೊಟ್ಟೆ ಬೇಡ ಎಂದರ್ಥ. ಇನ್ನೊಂದು, ಸ್ವಾಹಿಲಿ ಗಂಟೆ ಸೂರ್ಯೋದಯದಿಂದ ಶುರು. 'ಸಾ ಮ್ಬಿಲಿ' ಅಕ್ಷರಶಃ 2 ಗಂಟೆ, ಆದರೆ ನಮ್ಮ 8. ಗಾಡಿಗೆ ಹೊತ್ತು ಗೊತ್ತು ಮಾಡುವಾಗ 6 ಕೂಡಿಸಿ ಖಚಿತಪಡಿಸಿಕೊಳ್ಳಿ.