ಹೃದಯ ವೈಫಲ್ಯಕ್ಕೆ ನರದ ವಿದ್ಯುತ್ ಪ್ರಚೋದನೆ: ಮಾವನವರಿಗೆ ಆಗಬಹುದೆ?

ಪೆರ್ಲದ ಕೃಷಿಕ:
ಮಾನ್ಯರೆ, ನನ್ನ ಮಾವನವರಿಗೆ 67 ವರ್ಷ. ಹೃದಯಾಘಾತವಾದ ಬಳಿಕ ಅವರ ಇ.ಎಫ್. (ಪ್ರತಿ ಬಡಿತಕ್ಕೆ ಹೃದಯದ ಎಡ ಕೆಳಕೋಣೆ ತನ್ನಲ್ಲಿರುವ ರಕ್ತದಲ್ಲಿ ಹೊರದೂಡುವ ಪಾಲು) ಶೇ. 30ರ ಆಸುಪಾಸಿನಲ್ಲೇ ನಿಂತಿದೆ. ಮಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಅಂಗಳದಲ್ಲಿ ನಡೆದಾಡುವುದಕ್ಕೆ ತೊಂದರೆಯಿಲ್ಲದಿದ್ದರೂ ತೋಟದಿಂದ ಗುಡ್ಡೆ ಹತ್ತಿ ಮನೆಗೆ ಬರುವಾಗ ನಡುನಡುವೆ ಕುಳಿತುಕೊಳ್ಳಬೇಕಾಗುತ್ತದೆ. ಕುತ್ತಿಗೆಯ ನರಕ್ಕೆ ವಿದ್ಯುತ್ ಪ್ರಚೋದನೆ ಕೊಡುವ ಸಾಧನವನ್ನು ಅಮೆರಿಕದಲ್ಲಿ ಅಳವಡಿಸುತ್ತಾರೆಂದು ಅಲ್ಲಿರುವ ಭಾವ ತಿಳಿಸಿದ್ದಾರೆ. ಇದರಿಂದ ನಿಜಕ್ಕೂ ಪ್ರಯೋಜನವಿದೆಯೆ? ಸೊಂಟನೋವಿಗೆಂದು ತಂದ, ಚರ್ಮದ ಮೇಲಿನಿಂದ ಸಣ್ಣ ವಿದ್ಯುತ್ ಹರಿಸುವ ಟೆನ್ಸ್ ಯಂತ್ರವೊಂದು ಮನೆಯಲ್ಲಿದ್ದು, ಅದನ್ನೇ ಕುತ್ತಿಗೆಗೆ ಇಟ್ಟರೆ ಸಾಲದೆ ಎಂಬುದು ಮಾವನವರ ಪ್ರಶ್ನೆ.

ನಿವೃತ್ತ ಅಧ್ಯಾಪಕ, ಕುಂಬಳೆ:
ಟೆನ್ಸ್ ಯಂತ್ರವನ್ನು ಕುತ್ತಿಗೆಯ ಮುಂಭಾಗಕ್ಕೆ ಎಂದೂ ಇಡಬಾರದು. ಅಲ್ಲಿ ಮಿದುಳಿಗೆ ಹೋಗುವ ಕೆರೋಟಿಡ್ ರಕ್ತನಾಳದ ಗೋಡೆಯಲ್ಲಿ ರಕ್ತದೊತ್ತಡವನ್ನು ಅಳೆಯುವ ನರತುದಿಗಳಿದ್ದು, ಅವನ್ನು ಅಡ್ಡಾದಿಡ್ಡಿ ಕೆರಳಿಸಿದರೆ ನಾಡಿಯೂ ಒತ್ತಡವೂ ಒಮ್ಮೆಗೇ ಕುಸಿಯಬಹುದು.

ಭಾವ ಹೇಳಿದ್ದು ಬಹುಶಃ ಬಾರೋಸ್ಟಿಮ್ ಎಂಬ ಸಾಧನವನ್ನು. ಅದೂ ಇದೇ ನರತುದಿಗಳನ್ನೇ ಪ್ರಚೋದಿಸುತ್ತದೆ. ಆದರೆ ಶಸ್ತ್ರಚಿಕಿತ್ಸೆಯಿಂದ ಕೂರಿಸಿದ ಎಲೆಕ್ಟ್ರೋಡಿನ ಮೂಲಕ, ಅಳತೆಯಿಟ್ಟು. ಹೃದಯ ಸೋತಾಗ ಶರೀರವು ತುರ್ತಿನ ಹೊತ್ತಿಗೆ ದೇಹವನ್ನು ಸಜ್ಜುಗೊಳಿಸುವ ಅನುವೇದನಾ (ಸಿಂಪಥೆಟಿಕ್) ನರಗಳನ್ನು ಸದಾ ಚುರುಕಾಗಿಟ್ಟು ಬಡಿತವನ್ನು ಹೆಚ್ಚಿಸುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ, ಮೂತ್ರಪಿಂಡದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ. ಕೆಲವು ದಿನಗಳ ಮಟ್ಟಿಗೆ ಆಸರೆಯಾಗುವ ಈ ಏರ್ಪಾಡೇ ವರ್ಷಗಟ್ಟಲೆ ಮುಂದುವರಿದರೆ ಹೃದಯವನ್ನು ಇನ್ನಷ್ಟು ಕೆಡಿಸುತ್ತದೆ. ಒತ್ತಡ ಹೆಚ್ಚಿದೆಯೆಂಬ ಸಂಕೇತವನ್ನು ಮಿದುಳಿಗೆ ಕಳುಹಿಸಿ ಆ ಚುರುಕನ್ನು ತಗ್ಗಿಸುವುದು ಇಲ್ಲಿನ ಉಪಾಯ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆರು ತಿಂಗಳಲ್ಲಿ, ಆರು ನಿಮಿಷದ ನಡಿಗೆಯ ಪರೀಕ್ಷೆಯಲ್ಲಿ, ಸಾಧನವಿದ್ದವರು ಇಲ್ಲದವರಿಗಿಂತ ಸುಮಾರು 60 ಮೀಟರಿನಷ್ಟು ಹೆಚ್ಚಿನ ಪ್ರಗತಿ ತೋರಿದ್ದರು. ಆದರೆ 323 ರೋಗಿಗಳನ್ನು ದೀರ್ಘಕಾಲ ಗಮನಿಸಿ 2023ರಲ್ಲಿ ಫಲಿತಾಂಶ ಹೊರಬಂದಾಗ, ಹೃದ್ರೋಗದ ಸಾವು ಮತ್ತು ವೈಫಲ್ಯದ ಉಲ್ಬಣವನ್ನು ಒಟ್ಟಾಗಿ ಲೆಕ್ಕಹಾಕಿದ ಮುಖ್ಯ ಅಳತೆಯಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ಇದನ್ನು ಏದುಸಿರು ತಗ್ಗಿಸುವ ಸಾಧನವೆನ್ನಬಹುದು, ಆಯುಸ್ಸನ್ನು ಹೆಚ್ಚಿಸುತ್ತದೆ ಎನ್ನಲಾಗದು.

ಹೊಸಂಗಡಿಯ ಓದುಗ:
ಮಿದುಳಿನಿಂದ ಕುತ್ತಿಗೆಯ ಮೂಲಕ ಇಳಿದು ಹೃದಯದ ಬಡಿತವನ್ನು ನಿಧಾನಿಸುವ ವೇಗಸ್ ನರದ ಪ್ರಚೋದನೆಯನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿದ್ದಾರಲ್ಲ? ಆಂಥೆಮ್-ಎಚ್‌ಎಫ್ ಎಂಬ ಅಧ್ಯಯನ ಭಾರತದ 10 ಕೇಂದ್ರಗಳಲ್ಲಿ 60 ರೋಗಿಗಳ ಮೇಲೆ ನಡೆದು, ಆರು ತಿಂಗಳಲ್ಲಿ ಇ.ಎಫ್. ಸರಾಸರಿ 4.5 ಅಂಶ ಏರಿತೆಂದು 2014ರಲ್ಲಿ ಪ್ರಕಟವಾಗಿತ್ತು. ಅಷ್ಟು ಬೇಗ ಕೈಬಿಡುವ ವಿಷಯವಿದಲ್ಲ.

ನಿವೃತ್ತ ಅಧ್ಯಾಪಕ, ಕುಂಬಳೆ:
ಆ ಅಧ್ಯಯನದಲ್ಲಿ ಎಲ್ಲರಿಗೂ ಸಾಧನವಿತ್ತು; ಎಡ ನರವೋ ಬಲ ನರವೋ ಎಂಬುದಷ್ಟೇ ವ್ಯತ್ಯಾಸ. ಸಾಧನವಿಲ್ಲದವರ ಗುಂಪೇ ಇಲ್ಲದಿರುವಾಗ, ಸುಧಾರಣೆಯಲ್ಲಿ ಔಷಧದ ಪಾಲೆಷ್ಟು, ನಿಕಟ ಆರೈಕೆಯ ಪಾಲೆಷ್ಟು, ವಿದ್ಯುತ್ತಿನ ಪಾಲೆಷ್ಟು ಎಂದು ಬೇರ್ಪಡಿಸುವ ಬಗೆ ಯಾವುದು? ಬೇರೆ ಸಾಧನದಿಂದ 707 ರೋಗಿಗಳ ಮೇಲೆ ನಡೆದ ಇನೋವೇಟ್-ಎಚ್‌ಎಫ್‌ನಲ್ಲಿ ಅಂತಹ ಗುಂಪು ಇತ್ತು. 2016ರಲ್ಲಿ ಪ್ರಕಟವಾದ ಅದರ ಲೆಕ್ಕದಂತೆ, ಸಾವು ಅಥವಾ ಉಲ್ಬಣಕ್ಕೆ ಒಳಗಾದವರು ಪ್ರಚೋದನೆ ಪಡೆದವರಲ್ಲಿ ಶೇ. 30.3, ಪಡೆಯದವರಲ್ಲಿ ಶೇ. 25.8. ನಡಿಗೆ ಮತ್ತು ಲವಲವಿಕೆ ಮಾತ್ರ ಸುಧಾರಿಸಿದ್ದವು. ಪ್ರಚೋದನೆಯ ಪ್ರಮಾಣ, ಆವರ್ತನ ಎಷ್ಟಿರಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲವೆಂಬ, ಈ ಪ್ರಚೋದನೆಯ ಪರವಾಗಿರುವವರ ವಾದಕ್ಕೆ ಹುರುಳಿದೆ. ಆದರೆ ಅದು ಸಂಶೋಧಕರ ಚರ್ಚೆಯೇ ಹೊರತು ಮನೆಯವರು ಹಣ ಹೊಂದಿಸಲು ಹೊರಡುವ ಕಾರಣವಲ್ಲ.

ಹೃದ್ರೋಗ ವಿಭಾಗದ ದಾದಿ, ಉಪ್ಪಳ:
ಮೊದಲು ಮಾತ್ರೆಯ ಚೀಟಿ ನೋಡಿ. ಇ.ಎಫ್. ಕುಸಿದವರಿಗೆ ನಾಲ್ಕು ಬಗೆಯ ಔಷಧಗಳು ಬೇಕು: ಸಕ್ಯುಬಿಟ್ರಿಲ್-ವಲ್ಸಾರ್ಟಾನ್ ಅಥವಾ ಅದರ ಬದಲಿನದು, ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್ ಬಗೆಯದು. ಮಂಗಳೂರಿನ ವೈದ್ಯರು ಬೀಟಾ ಬ್ಲಾಕರ್ ಆದ ಕಾರ್ವೆಡಿಲಾಲನ್ನು 3.125 ಮಿ.ಗ್ರಾಂ.ನಿಂದ ಆರಂಭಿಸುತ್ತಾರೆ, ರಕ್ತದೊತ್ತಡ, ನಾಡಿ ನೋಡಿಕೊಂಡು ದಿನಕ್ಕೆರಡು ಸಲ 25ರವರೆಗೆ ಏರಿಸಬೇಕೆಂಬುದು ಲೆಕ್ಕ. ಕಾಸರಗೋಡಿನ ನಮ್ಮ ಕಡೆಯವರು ಕರ್ನಾಟಕದ ಗಡಿ ದಾಟಿ ಮತ್ತೆ ಹೋಗುವುದು ತಡವಾಗಿ, ಅದೇ ಚೀಟಿ ತೋರಿಸಿ ಊರಿನ ಮೆಡಿಕಲ್‌ನಿಂದ ಅದೇ 3.125 ತರುತ್ತಿರುತ್ತಾರೆ. ತಿರುವನಂತಪುರದಲ್ಲಿ 2013ರಲ್ಲಿ 1,205 ರೋಗಿಗಳನ್ನು ನೋಂದಾಯಿಸಿದ ಅಧ್ಯಯನದಲ್ಲೂ, ಇ.ಎಫ್. ತಗ್ಗಿದವರ ಪೈಕಿ ಮನೆಗೆ ಮರಳುವಾಗ ಸರಿಯಾದ ಔಷಧಗಳೆಲ್ಲ ಇದ್ದವರು ಕಾಲುಭಾಗದಷ್ಟು ಮಂದಿ ಮಾತ್ರ. ಇನ್ನೊಂದು, ಇ.ಸಿ.ಜಿ.ಯಲ್ಲಿ ಹೃದಯದ ಕೆಳಕೋಣೆಗಳಿಗೆ ವಿದ್ಯುತ್ ಹರಡುವುದನ್ನು ತೋರುವ ಕ್ಯು.ಆರ್.ಎಸ್. ಅಲೆ ಎಷ್ಟು ಅಗಲವಿದೆಯೆಂದು ತಿಳಿಸುವಿರಾ?

ಪೆರ್ಲದ ಕೃಷಿಕ:
ವರದಿಯಲ್ಲಿ ಎಲ್.ಬಿ.ಬಿ.ಬಿ., 160 ಎಂದಿದೆ. ಕಾರ್ವೆಡಿಲಾಲ್ 3.125 ಆಗಿಯೇ ಉಳಿದಿದೆ.

ಹೃದ್ರೋಗ ವಿಭಾಗದ ದಾದಿ, ಉಪ್ಪಳ:
ಎಲ್.ಬಿ.ಬಿ.ಬಿ. ಎಂದರೆ ಹೃದಯದ ಎಡ ಬದಿಗೆ ವಿದ್ಯುತ್ ಒಯ್ಯುವ ದಾರಿಯಲ್ಲಿ ತಡೆ; 160 ಮಿಲಿಸೆಕೆಂಡ್ ಎಂದರೆ ಅಲೆ ಅಗಲವಾಗಿದೆ. ಹಾಗಾದರೆ ವೈದ್ಯರಲ್ಲಿ ಕೇಳಬೇಕಾದದ್ದು ಸಿ.ಆರ್.ಟಿ.ಯ ಬಗ್ಗೆ. ಹೃದಯದ ಎರಡು ಬದಿಗಳನ್ನು ಏಕಕಾಲದಲ್ಲಿ ಬಡಿಯುವಂತೆ ಮಾಡುವ ಈ ಪೇಸ್‌ಮೇಕರ್, ನಿಮ್ಮ ಮಾವನವರಂತಹ ಇ.ಸಿ.ಜಿ. ಇರುವವರಲ್ಲಿ ಸಾವನ್ನೂ ತಗ್ಗಿಸುತ್ತದೆಂದು ಸಾಬೀತಾಗಿದೆ, ಮಂಗಳೂರಿನಲ್ಲೇ ಅಳವಡಿಸುತ್ತಾರೆ. ಬಾರೋಸ್ಟಿಮ್‌ಗೆ 2019ರಲ್ಲಿ ಒಪ್ಪಿಗೆ ಕೊಡುವಾಗಲೂ ಸಿ.ಆರ್.ಟಿ. ಬೇಕಾದವರನ್ನು ಹೊರಗಿಟ್ಟಿದ್ದರು. ಮಾತ್ರೆಯನ್ನು ಏರಿಸಿ ಮೂರು ತಿಂಗಳಾದ ಮೇಲೆ ಇನ್ನೊಂದು ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಮಾಡಿಸಿ ನಿರ್ಧರಿಸುವುದು ವಾಡಿಕೆಯಾದ್ದರಿಂದ, ಈ ಸಲ ಹೋಗುವಾಗ ಹಳೆಯ ಇ.ಸಿ.ಜಿ., ಎಕೋ, ಕ್ರಿಯಾಟಿನಿನ್, ಪೊಟ್ಯಾಸಿಯಂ ವರದಿಗಳನ್ನೆಲ್ಲ ಕೊಂಡೊಯ್ಯಿರಿ. ಪೇಸ್‌ಮೇಕರ್ ಕೂರಿಸಿದ ಮೇಲೆ, ವೈದ್ಯರನ್ನು ಕೇಳದೆ ಆ ಟೆನ್ಸ್ ಯಂತ್ರವನ್ನು ಸೊಂಟಕ್ಕೂ ಬಳಸಬೇಡಿ.